ಕಪ್ಪು ಕುರ್ಚಿಯನ್ನು ತಂದವರು

ನಾನೀಗ ಕೂತಿರುವುದು ನಮ್ಮ ಮನೆಯ ಊಟದ ಮೇಜಿನ ಕುರ್ಚಿಯಲ್ಲಿ. ಹಾಲ್‌ನ ಲೈಟ್ ಎಲ್ಲಾ ಆರಿಸಿದ್ದೇನೆ. ಟೇಬಲ್ ಲ್ಯಾಂಪ್ ಒಂದೇ ಉರಿಯುತ್ತಿದೆ, ಅದೂ ನೇರ ನನ್ನ ಮುಖಕ್ಕೆ. ಎದುರಿಗೆ ಅಕ್ಕ. ಅವಳ ಕೈಯಲ್ಲಿ ಹೊಯ್ಸಳರ ಬಗ್ಗೆ ಬರೆದುಕೊಂಡ ಪ್ರಶ್ನೆಗಳು. ಇನ್ನೂ ಒಂದನ್ನೂ ಕೇಳಿಲ್ಲ, ಆಗಲೇ ಅಂಗೈ ಬೆವರಿದೆ.

ಈ ಭಯವನ್ನು ಟಿವಿಗೆ ತಂದವರು ಬಿಲ್ ರೈಟ್. ಬಿಬಿಸಿಯ ನಿರ್ಮಾಪಕರು, 'ಮಾಸ್ಟರ್‌ಮೈಂಡ್' ಕ್ವಿಜ್ ಹುಟ್ಟಿಸಿದವರು. ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ವಾಯುಪಡೆಯ ಗನ್ನರ್ ಆಗಿದ್ದರು. ಜರ್ಮನ್ನರಿಗೆ ಸೆರೆ ಸಿಕ್ಕಿದರು. ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಕೂರಿಸಿ ವಿಚಾರಣೆ ಮಾಡಿತು. ಹೆಸರು? ಹುದ್ದೆ? ಸೈನಿಕ ಸಂಖ್ಯೆ? ಆ ನೆನಪು ಎಷ್ಟೋ ವರ್ಷ ಅವರನ್ನು ಬಿಡಲಿಲ್ಲ.

ಮುಂದೆ ಕ್ವಿಜ್ ರೂಪಿಸಲು ಕೂತಾಗ ಆ ಮೂರು ಪ್ರಶ್ನೆಗಳು ಹೆಸರು, ಉದ್ಯೋಗ, ಆಯ್ಕೆಯ ವಿಷಯ ಎಂದಾದವು. ಸುತ್ತ ಕತ್ತಲು, ಒಂಟಿ ಕಪ್ಪು ಕುರ್ಚಿ, ಅದರ ಮೇಲೊಂದೇ ಬೆಳಕು. ಎಲ್ಲವೂ ಆ ಕೋಣೆಯದೇ. ಆದರೆ ಅಲ್ಲಿ ಬಾಯಿ ಬಿಡದಿದ್ದರೆ ಗೆದ್ದಂತೆ. ಇಲ್ಲಿ ನೀವು ಪ್ರೀತಿಯಿಂದ ಓದಿಕೊಂಡದ್ದನ್ನೆಲ್ಲಾ ಹೇಳಬಹುದು, ಊರೇ ಕೂತು ಕೇಳುತ್ತದೆ. ಇದನ್ನು ಯೋಚಿಸಿದಾಗಲೆಲ್ಲಾ ನನ್ನ ಗಂಟಲು ಕಟ್ಟುತ್ತದೆ.

ಮೊದಲ ಸಂಚಿಕೆ ಬಂದದ್ದು 1972ರ ಸೆಪ್ಟೆಂಬರ್ 11ರಂದು. ಪ್ರಶ್ನೆ ಕೇಳಿದವರು ಮ್ಯಾಗ್ನಸ್ ಮ್ಯಾಗ್ನಸ್ಸನ್. ಬರೀ ಓದಿದವರಿಗೆ ಮಾತ್ರ ಎಂದುಕೊಂಡು ರಾತ್ರಿ ತಡವಾಗಿ ಹಾಕುತ್ತಿದ್ದರು. 1973ರಲ್ಲಿ ಒಂದು ಹಾಸ್ಯ ಧಾರಾವಾಹಿಗೆ ದೂರುಗಳು ಬಂದವು. ಅದರ ಜಾಗಕ್ಕೆ, ಸಂಜೆಯ ಒಳ್ಳೆಯ ಹೊತ್ತಿಗೆ, ಈ ಕ್ವಿಜ್ ಬಂತು. ಜನ ಬಿಡದೆ ನೋಡಿದರು! ಅಲ್ಲಿ ದುಡ್ಡಿನ ಬಹುಮಾನ ಇರಲಿಲ್ಲ. ಗೆದ್ದವರಿಗೆ ಒಂದು ಗಾಜಿನ ಬಟ್ಟಲು, ಅಷ್ಟೇ. 1980ರಲ್ಲಿ ಅದನ್ನು ಗೆದ್ದವರು ಲಂಡನ್ನಿನ ಟ್ಯಾಕ್ಸಿ ಚಾಲಕ ಫ್ರೆಡ್ ಹೌಸ್‌ಗೊ. ಬಿಲ್ ರೈಟ್ ತೀರಿಕೊಂಡದ್ದೂ ಅದೇ ವರ್ಷ.

1998ರಲ್ಲಿ ಈ ಕ್ವಿಜ್ ಕ್ವಿಜ್ ಮಾಸ್ಟರ್ ಸಿದ್ಧಾರ್ಥ ಬಸು ಅವರ ಕೈಯಲ್ಲಿ ಭಾರತಕ್ಕೂ ಬಂತು. ಆದರೆ ನಾನು ಕ್ವಿಜ್ ರುಚಿ ಕಂಡದ್ದು ಬೆಂಗಳೂರಿನಲ್ಲಿ, ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಕ್ವಿಜ್‌ಗಳಲ್ಲಿ. 1983ರಲ್ಲಿ ಅದನ್ನು ಕಟ್ಟಿದ ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಅವರೂ ವಾಯುಪಡೆಯವರೇ. ಬಿಲ್ ರೈಟ್‌ಗೂ ಮುಲ್ಕಿಯವರಿಗೂ ಏನೂ ಸಂಬಂಧ ಇಲ್ಲ. ಆದರೂ ಸುಮ್ನೆ ಹೇಳಬೇಕು ಅನ್ನಿಸಿತು.

ಅಕ್ಕ ಫೋನಿನಲ್ಲಿ ಎರಡು ನಿಮಿಷಕ್ಕೆ ಟೈಮರ್ ಇಟ್ಟಳು.

"ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆದ ವರ್ಷ?"

"1117."

"ಸರಿ. ಮುಂದಿನದು..."