ತೊಟ್ಟಿಲಿಗೆ ಬೇಕಾದ ದುಡ್ಡು

ಕೇಳುಗರಿಗೆಲ್ಲ ನಮಸ್ಕಾರ. ಅದರಲ್ಲೂ ಮಡಿಲಲ್ಲಿ ಕೂಸನ್ನು ಹಾಕಿಕೊಂಡು ಕೇಳುತ್ತಿರುವ ತಾಯಂದಿರಿಗೆ, ಪಕ್ಕದಲ್ಲೇ ಕೂತಿರುವ ಅತ್ತೆಯರಿಗೆ ನಮಸ್ಕಾರ.

ಮಗು ಹುಟ್ಟಿದ ಕೂಡಲೇ ಸರ್ಕಾರ ಅದರ ಹೆಸರಲ್ಲಿ ದುಡ್ಡು ಇಡುವುದು ಒಳ್ಳೆಯದೇ ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ನಾನು ಮೂವತ್ತು ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ಹೆಣ್ಣುಮಕ್ಕಳ ಹೆಸರಲ್ಲಿ ಕರ್ನಾಟಕ ಸರ್ಕಾರ ದುಡ್ಡು ಇಡುವ ಭಾಗ್ಯಲಕ್ಷ್ಮಿ ಯೋಜನೆಯ ಅರ್ಜಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನನ್ನ ಉತ್ತರ, ಹಾಗೆ ಇಡುವುದು ಬೇಡ. ಮಗುವಿಗೆ ದುಡ್ಡು ಬೇಕಾಗುವುದು ಹಾಲು ಕುಡಿಯುವ ವಯಸ್ಸಿನಲ್ಲಿ. ಹದಿನೆಂಟು ತುಂಬಿದ ಮೇಲಲ್ಲ.

ಭಾಗ್ಯಲಕ್ಷ್ಮಿ ನಿಮಗೆ ಗೊತ್ತೇ ಇದೆ. 2006ರ ಮಾರ್ಚ್ 31ರ ನಂತರ ಬಿಪಿಎಲ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ, ಒಂದು ಮನೆಯಲ್ಲಿ ಇಬ್ಬರಿಗೆ. ಮೊದಮೊದಲು ಇಟ್ಟದ್ದು 10,000 ರೂಪಾಯಿ. 2008ರ ಆಗಸ್ಟಿನಿಂದ ಮೊದಲ ಮಗುವಿಗೆ 19,300, ಎರಡನೆಯದಕ್ಕೆ 18,350. ಎಲ್‌ಐಸಿಯಲ್ಲಿ ಬೆಳೆದು ಹದಿನೆಂಟಕ್ಕೆ ಒಂದು ಲಕ್ಷವಾಗುತ್ತದೆ ಎಂದರು. ಕೇಳಿದವರ ಮುಖ ಅರಳುತ್ತಿತ್ತು. ನನ್ನದೂ ಅರಳಿತ್ತು.

ಆಮೇಲೆ ಒಂದು ಮನೆಗೆ ಹೋದೆ. ಚಳ್ಳಕೆರೆ ಕಡೆಯ ಹಳ್ಳಿ. 2009ರ ನವೆಂಬರ್, ಶೇಂಗಾ ಬಿಡಿಸುವ ಕಾಲ. ಹತ್ತು ತಿಂಗಳ ಹೆಣ್ಣುಕೂಸು. ತೊಲೆಗೆ ತಕ್ಕಡಿ ನೇತುಹಾಕಿ, ಜೋಳಿಗೆಯಲ್ಲಿ ಕೂಸನ್ನು ಕೂರಿಸಿದೆವು. ಎಂಟೂವರೆ ಕೆಜಿ ತೂಗಬೇಕಾದ ಕೂಸು ಐದೂ ಮುಕ್ಕಾಲಕ್ಕೇ ನಿಂತಿತು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ತಾಯಿ ಒಳಗೆ ಹೋಗಿ ಟ್ರಂಕು ತೆಗೆದಳು. ಧಾರೆ ಸೀರೆಯ ಅಡಿಯಿಂದ ಪ್ಲಾಸ್ಟಿಕ್ ಕವರ್ ತಂದು ನನ್ನ ಕೈಗಿಟ್ಟಳು. ಒಳಗೆ ಬಾಂಡು, ಭಾಗ್ಯಲಕ್ಷ್ಮಿ ದುಡ್ಡು ಇಟ್ಟದ್ದಕ್ಕೆ ಕೊಟ್ಟ ಪತ್ರ. ಒಂದು ಮಡಿಕೆ ಕೂಡ ಬಿದ್ದಿರಲಿಲ್ಲ. "ಮೇಡಂ, ಭದ್ರವಾಗಿ ಇಟ್ಟೀನಿ ನೋಡ್ರಿ" ಅಂದಳು. ನಾನು ಅದನ್ನು ನೋಡಲಿಕ್ಕೇ ಬಂದಿದ್ದೇನೆ ಅಂದುಕೊಂಡಿದ್ದಳು.

ಕೂಸನ್ನು ಆಸ್ಪತ್ರೆಗೆ ಸೇರಿಸಬೇಕು, ಹದಿನಾಲ್ಕು ದಿನ ನೀನೂ ಜೊತೆಗಿರಬೇಕು ಅಂದೆ. ಅವಳು ಸುಮ್ಮನೆ ನಿಂತಳು. ಹದಿನಾಲ್ಕು ದಿನದ ಕೂಲಿ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಾಂಡು ತೋರಿಸಿ ಕೇಳಿದಳು, "ಇದ್ರಾಗೆ ಒಂದು ಸಾವ್ರ ಹರ್ಕೊಂಡು ಬರಾಕೆ ಆಗಲ್ವಾ ಮೇಡಂ?"

ಆಗುವುದಿಲ್ಲ ಅಂತ ನಾನೇ ಹೇಳಬೇಕಾಯಿತು. ಆ ಕೂಸಿನ ಹೆಸರಲ್ಲೇ ಸರ್ಕಾರ 19,300 ರೂಪಾಯಿ ಇಟ್ಟಿತ್ತು. ಆ ಕೂಸನ್ನು ಉಳಿಸಿಕೊಳ್ಳಲು ಅವರು ಎರಡು ಮೇಕೆ ಮಾರಿದರು. ಮನೆಯಲ್ಲಿ ಒಂದು ಲೋಟ ಹಾಲು ಕೊಡುತ್ತಿದ್ದದ್ದೇ ಆ ಮೇಕೆಗಳು.

ಹುಡುಗಿ ಉಳಿದಳು. ಮೊನ್ನೆ ಜಾತ್ರೆಯಲ್ಲಿ ಸಿಕ್ಕಿ ಕಾಲಿಗೆ ನಮಸ್ಕಾರ ಮಾಡಿದಳು. ಓದುತ್ತಿದ್ದಾಳೆ. ಆದರೆ ಅವಳಿಗಿಂತ ಮೂರು ವರ್ಷ ಚಿಕ್ಕ ತಮ್ಮ ಅವಳಿಗಿಂತ ಗೇಣುದ್ದ ಎತ್ತರ. ಆ ಗೇಣನ್ನು ಯಾವ ಲಕ್ಷ ರೂಪಾಯಿ ವಾಪಸ್ ತಂದುಕೊಡುತ್ತದೆ ಹೇಳಿ?

ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಲೆಕ್ಕ ಹಾಕಿ. ಸುಮಾರು 1000 ದಿನ. ಮೂಳೆ, ಮೆದುಳು ಎಲ್ಲಕ್ಕೂ ಅಡಿಪಾಯ ಬೀಳುವುದು ಆಗಲೇ. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. 2019-20ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದು ಇದು. ಈ ಮಕ್ಕಳಿಗೆ ಬೇಕಾದದ್ದು ಇವತ್ತಿನ ಮೊಟ್ಟೆ.

19,300ನ್ನು ಎರಡು ವರ್ಷಕ್ಕೆ ಹಂಚಿ ನೋಡಿ. ತಿಂಗಳಿಗೆ 800 ರೂಪಾಯಿ. 2009ರಲ್ಲಿ ಅದು ಎಷ್ಟು ದೊಡ್ಡ ದುಡ್ಡು! 2020ರಿಂದ ಯೋಜನೆ ಸುಕನ್ಯಾ ಸಮೃದ್ಧಿ ಎಂಬ ಹೆಣ್ಣುಮಕ್ಕಳ ಉಳಿತಾಯ ಖಾತೆಗೆ ಬದಲಾಯಿತು, ವರ್ಷಕ್ಕೆ 3,000ದಂತೆ ಹದಿನೈದು ವರ್ಷ. ಆ 45,000ವನ್ನು ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,875. ಅದನ್ನು ತಾಯಿಯ ಕೈಗೆ ಕೊಡಿ ಅನ್ನುತ್ತೇನೆ. ತಾಯಿ ದುಂದು ಮಾಡುತ್ತಾಳೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಂಡಿಗೆ ಒಂದು ಮಡಿಕೆ ಬೀಳದಂತೆ ಇಟ್ಟವಳು ಅವಳು.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಕೂಡಿಟ್ಟದ್ದು ಬೆಳೆಯುತ್ತದೆ ಅನ್ನುತ್ತಾರೆ. 2006ರಲ್ಲಿ ಇಟ್ಟ ಹತ್ತು ಸಾವಿರಕ್ಕೆ ಆಗ ಹತ್ತಿರ ಹತ್ತಿರ ಹತ್ತು ಗ್ರಾಂ ಚಿನ್ನ ಬರುತ್ತಿತ್ತು. ಅದು 2024ರಲ್ಲಿ 34,751 ಆಗಿ ಕೈಗೆ ಬರುವಾಗ ಐದು ಗ್ರಾಂ ಕೂಡ ಬರಲಿಲ್ಲ.

ಹೊರದೇಶದಲ್ಲೂ ಇದೇ. ಬ್ರಿಟನ್ನಿನಲ್ಲಿ ಮೊದಮೊದಲು ಪ್ರತಿ ಮಗುವಿಗೂ ಕನಿಷ್ಠ 250 ಪೌಂಡ್ ಇಟ್ಟರು. 2011ರ ಜನವರಿಯಿಂದ ಹುಟ್ಟಿದವರಿಗೆ ನಿಲ್ಲಿಸಿಬಿಟ್ಟರು. ಹದಿನೆಂಟು ದಾಟಿದ ಲಕ್ಷಾಂತರ ಮಕ್ಕಳು ಆ ಹಣ ಕೇಳಿಯೇ ಇಲ್ಲ. ಅಮೆರಿಕದಲ್ಲಿ 2025ರಿಂದ 2028ರೊಳಗೆ ಹುಟ್ಟುವ ಅಲ್ಲಿನ ನಾಗರಿಕ ಮಕ್ಕಳಿಗೆ 1,000 ಡಾಲರ್ ಇಡುತ್ತಾರಂತೆ. ಅಲ್ಲಿರುವ ನಮ್ಮವರ ಮೊಮ್ಮಕ್ಕಳಿಗೂ ಸಿಗುತ್ತದೆ. ಉಳ್ಳವರು ಅದಕ್ಕೆ ವರ್ಷ ವರ್ಷ ಇನ್ನಷ್ಟು ಸೇರಿಸುತ್ತಾರೆ. ಇಲ್ಲದವರು ಎಲ್ಲಿಂದ ಸೇರಿಸುತ್ತಾರೆ?

ದುಡ್ಡಿಗಾಗಿ ಹದಿನೆಂಟರವರೆಗೆ ಕಾಯುತ್ತಾರೆ, ಹಾಗಾಗಿ ಬಾಲ್ಯವಿವಾಹ ತಡೆಯಲು ಬಾಂಡು ಬೇಕು ಎಂದೂ ಹೇಳುತ್ತಾರೆ. ನಾನು ಕಂಡ ಹುಡುಗಿಯರ ಮದುವೆ ನಿಂತದ್ದು ಊರಿಗೆ ಹೈಸ್ಕೂಲು ಬಂದ ಮೇಲೆ, ಬಸ್ಸು ಬಂದ ಮೇಲೆ.

ಕೊನೆಯದಾಗಿ, ನಿಮ್ಮ ಟ್ರಂಕಿನಲ್ಲೂ ಬಾಂಡು ಇದ್ದರೆ ಜೋಪಾನ. ಹುಡುಗಿಗೆ ಹದಿನೆಂಟು ತುಂಬಿದ್ದರೆ ನಾಳೆಯೇ ನಿಮ್ಮೂರ ಅಂಗನವಾಡಿ ಕಾರ್ಯಕರ್ತೆಯನ್ನು ಹೋಗಿ ಕೇಳಿ. ಹಾಗೇ ಚಿಕ್ಕ ಕೂಸಿದ್ದರೆ ಎತ್ತಿಕೊಂಡು ಹೋಗಿ ತೂಕ ಹಾಕಿಸಿ. ನಮಸ್ಕಾರ.