ಬಿಸಿಯಾದ ಮೇಲೆ ನಿಲ್ಲುವ ಹಳೆಯ ಕಾರು

ಕೇಳುಗರೇ, ನಮಸ್ಕಾರ.

ಹಳೆಯ ಕಾರು ಸಾಕುವವರೆಲ್ಲ ಹೇಳುವ ದೂರು ಒಂದಿದೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಚೆನ್ನಾಗಿ ಓಡುತ್ತದೆ. ಎಂಜಿನ್ ಕಾದ ಮೇಲೆ ದಿಢೀರನೆ ನಿಂತುಬಿಡುತ್ತದೆ. ಬಾನೆಟ್ ತೆಗೆದು ಅರ್ಧ ಗಂಟೆ ಕಾದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ಹೋದರೆ ಅಲ್ಲಿ ರೋಗವೇ ಕಾಣುವುದಿಲ್ಲ!

ಹೀಗಾದಾಗ ಮೊದಲು ಬೈಗುಳ ತಿನ್ನುವುದು ಪೆಟ್ರೋಲ್. ಪೈಪಿನಲ್ಲೇ ಆವಿಯಾಗಿ ವೇಪರ್ ಲಾಕ್ ಆಗಿದೆ ಅನ್ನುತ್ತಾರೆ. ಇರಬಹುದು. ಆದರೆ ಕಿಡಿ ಹುಟ್ಟಿಸಲು ನಿಮ್ಮ ಕಾರಿನಲ್ಲಿ ಪಾಯಿಂಟ್ ಅನ್ನುವ ಹಳೆಯ ಯಾಂತ್ರಿಕ ಸ್ವಿಚ್ಚಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ, ಅದರ ಮಾಡ್ಯೂಲ್, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್ಚಿನ ಮೇಲೂ ಅನುಮಾನ ಇರಲಿ. ಅಮೆರಿಕದಲ್ಲಿ ಕ್ರೈಸ್ಲರ್ 1973ಕ್ಕೆ, ಜನರಲ್ ಮೋಟಾರ್ಸ್ 1975ಕ್ಕೆ ತಮ್ಮ ಕಾರುಗಳಿಗೆ ಇದನ್ನು ಹಾಕಿದ್ದವು. ಪಾಯಿಂಟ್ ಕಾರಿಗೆ ಆಮೇಲೆ ಎಲೆಕ್ಟ್ರಾನಿಕ್ ಕಿಟ್ ಕೂರಿಸಿಕೊಂಡವರೂ ಬಹಳ ಜನ.

ಮಾಡ್ಯೂಲ್ ಒಳಗೆ ಒಂದು ಪವರ್ ಟ್ರಾನ್ಸಿಸ್ಟರ್ ಇರುತ್ತದೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಹುಟ್ಟಿಸುವ ಕಾಯಿಲಿಗೆ ಹೋಗುವ ಕರೆಂಟನ್ನು ಕೂಡಿಸಿ ಕಡಿಯುವುದೇ ಅದರ ಕೆಲಸ. ಒಳಗಿನ ಬೆಸುಗೆಯಲ್ಲಿ ಸಣ್ಣ ಬಿರುಕು ಬಿದ್ದಿದ್ದರೆ, ಬಿಸಿಗೆ ಅದು ಬಾಯಿ ಬಿಡುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕಾರಿನ ಕಣ್ಣಾಮುಚ್ಚಾಲೆಗೆ ಕಾರಣ ಇದೇ ಇರಬಹುದು.

ಪತ್ತೆ ಹಚ್ಚುವುದು ಹೇಗೆ? ಎಂಜಿನ್ ಸುತ್ತುವ ವೇಗ ತೋರಿಸುವ ಟ್ಯಾಕೋಮೀಟರನ್ನು ಕಾಯಿಲಿಗೆ ಜೋಡಿಸಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಎಂಜಿನ್ ಸತ್ತರೂ ಕಾರು ಗೇರಿನಲ್ಲೇ ಉರುಳುತ್ತಿರುತ್ತದೆ, ಅಲ್ವಾ? ಆಗ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿದ್ದರೆ ತೊಂದರೆ ಇಗ್ನಿಷನ್ನಿನದು. ಕಾರಿನ ವೇಗದ ಜೊತೆ ನಿಧಾನವಾಗಿ ಇಳಿದರೆ ಪೆಟ್ರೋಲ್ ಕಡೆ ನೋಡಿ.

ಕಿಡಿ ಬರುತ್ತಿದೆಯೇ ಅಂತ ಕಾರು ನಿಂತ ತಕ್ಷಣ, ಬಿಸಿ ಇರುವಾಗಲೇ ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಸುಮ್ನೆ ಸಮಯ ಹಾಳು. ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕೈಯಲ್ಲಿ ಹಿಡಿಯುವ ಸಾಹಸ ಮಾತ್ರ ಬೇಡ, ಅಲ್ಲಿರುವುದು ಸಾವಿರಾರು ವೋಲ್ಟ್. ವೈರಿನ ತುದಿಯನ್ನು ಗಾಳಿಯಲ್ಲಿ ಬಿಟ್ಟರೆ ಮಾಡ್ಯೂಲ್ ಸುಡಬಹುದು. ವೈರಿನ ತುದಿಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ, ಅದನ್ನು ಎಂಜಿನ್ನಿಗೆ ಅರ್ಥ್ ಮಾಡಿ ನೋಡಿ. ಕಿಡಿ ಇಲ್ಲದಿದ್ದರೆ, ಎಲೆಕ್ಟ್ರಾನಿಕ್ ರಿಪೇರಿಯವರು ಬಳಸುವ ತಂಪು ಸ್ಪ್ರೇಯನ್ನು ಮಾಡ್ಯೂಲ್ ಮೇಲೆ ಹೊಡೆಯಿರಿ. ಕೂಡಲೇ ಕಿಡಿ ಬಂತೇ? ಕಳ್ಳ ಸಿಕ್ಕ.

ಬರಲಿಲ್ಲವೇ? ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ, ಯಾವಾಗ ಕಿಡಿ ಬೇಕೆಂದು ಮಾಡ್ಯೂಲಿಗೆ ಹೇಳುವ ಪಿಕಪ್ ಕಾಯಿಲನ್ನೂ ನೋಡಿ. ಕಿಡಿಯ ಸಮಯ ಹಿಂದೆಮುಂದೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗಲೆಲ್ಲ ಅದರ ವೈರ್ ಬಾಗುತ್ತದೆ. ಹೊರಗಿನ ಹೊದಿಕೆ ಚೆನ್ನಾಗಿಯೇ ಇದ್ದು, ಒಳಗಿನ ತಂತಿ ತುಂಡಾಗಿರಬಹುದು. ಜನರಲ್ ಮೋಟಾರ್ಸಿನ ಎಲೆಕ್ಟ್ರಾನಿಕ್ ಇಗ್ನಿಷನ್ ಆದ ಎಚ್‌ಇಐ ಡಿಸ್ಟ್ರಿಬ್ಯೂಟರಿನಲ್ಲಿ ಪಿಕಪ್ ಕಾಯಿಲಿಗೆ ಮಲ್ಟಿಮೀಟರ್ 500ರಿಂದ 1500 ಓಮ್ ತೋರಿಸಬೇಕು. ವೈರನ್ನು ಅಲ್ಲಾಡಿಸುತ್ತಾ ಅಳೆಯಿರಿ.

ಸರಿ, ಮಾಡ್ಯೂಲೇ ಹೋಗಿದೆ ಅಂತಾಯಿತು. ಹೊಸದು ತಂದು ಹಾಕಿದರೆ ಮುಗಿಯಿತೇ? ಅದೂ ಸುಟ್ಟುಹೋದಾಗ "ಈಗಿನ ಮಾಲೇ ಸರಿಯಿಲ್ಲ" ಅಂತ ಬೈಯುವವರು ಬೇಕಾದಷ್ಟಿದ್ದಾರೆ. ಮೊದಲನೆಯದು ಯಾಕೆ ಕಾಯಿತು ಅಂತ ಕೇಳಿದವರು ಕಡಿಮೆ. ಎಚ್‌ಇಐ ಮಾಡ್ಯೂಲ್ ತನ್ನ ಬಿಸಿಯನ್ನು ಡಿಸ್ಟ್ರಿಬ್ಯೂಟರಿನ ಲೋಹಕ್ಕೆ ದಾಟಿಸಬೇಕು. ಅದಕ್ಕೆ ನಡುವೆ ಶಾಖ ಸಾಗಿಸುವ ಪೇಸ್ಟ್ ಬೇಕು. ಹಳೆಯದನ್ನು ಪೂರ್ತಿ ಒರೆಸಿ, ತೆಳ್ಳಗೆ ಹೊಸದು ಹಚ್ಚಿ, ಸ್ಕ್ರೂ ಬಿಗಿಯಾಗಿ ಕೂರಿಸಿ. ಕೈಗೆ ಸಿಕ್ಕ ಬೇರಿಂಗ್ ಗ್ರೀಸ್ ಮೆತ್ತಬೇಡಿ.

ಕಾಯಿಲಿನದೂ ಒಂದು ಕಥೆ. ಪಾಯಿಂಟ್ ಕಾಲದ ಎಷ್ಟೋ ಕಾಯಿಲುಗಳ ರೋಧ ಸುಮಾರು 3 ಓಮ್. 12 ವೋಲ್ಟಿಗೆ 4 ಆಂಪಿಯರ್ ಎಳೆಯುತ್ತದೆ. ಜೋರಾಗಿ ಕಿಡಿ ಬರಲಿ ಅಂತ ಅಲ್ಲಿಗೆ 0.6 ಓಮಿನದು ಹಾಕಿದರೆ, ಲೆಕ್ಕಕ್ಕೆ 20 ಆಂಪಿಯರ್! ಕರೆಂಟಿಗೆ ಕಡಿವಾಣ ಹಾಕುವ ಮಾಡ್ಯೂಲ್ ಅಲ್ಲದಿದ್ದರೆ ಅದರ ಕಥೆ ಮುಗಿದ ಹಾಗೆ. ಕಾಯಿಲಿನ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಬೇಕೋ ಬೇಡವೋ ಅನ್ನುವುದನ್ನೂ ಕಿಟ್‌ನ ಕೈಪಿಡಿ ನೋಡಿಯೇ ತೀರ್ಮಾನಿಸಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 15 ವೋಲ್ಟ್ ದಾಟಿದರೆ, ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರನ್ನೂ ನೋಡಿಸಿ.

ಕೊನೆಗೊಂದು ಮಾತು. ರೇಡಿಯೊದವನಾಗಿ ನಾನು ಇದನ್ನು ಹೇಳಬಾರದು. ಎಂಜಿನ್ ನಿಲ್ಲಿಸಿ, ಇಗ್ನಿಷನ್ ಕೀ ಆನ್ ಇಟ್ಟು ರೇಡಿಯೊ ಕೇಳಬೇಡಿ. ಕೆಲವು ಕಿಟ್‌ಗಳಲ್ಲಿ ಆಗಲೂ ಕರೆಂಟ್ ಹರಿಯುತ್ತಲೇ ಇದ್ದು ಮಾಡ್ಯೂಲ್ ಸುಡುತ್ತದೆ. ಕೀಯನ್ನು ಆಕ್ಸೆಸರಿಗೆ ತಿರುಗಿಸಿಕೊಂಡು ಕೇಳಿ.

ನಮಸ್ಕಾರ.