ಕರೆಯುವುದು ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

ಕೇಳುಗರಿಗೆ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ಅಡುಗೆಮನೆಯಲ್ಲಿ ಬಿಸ್ಕತ್ ಪೊಟ್ಟಣ ಇದ್ದರೆ ತಂದು ಪಕ್ಕದಲ್ಲಿಟ್ಟುಕೊಳ್ಳಿ. ನನ್ನ ಮುಂದೆಯೂ ಒಂದಿದೆ. ನಾನು ನನ್ನದನ್ನು ನೋಡಿ ಹೇಳುತ್ತಾ ಹೋಗುತ್ತೇನೆ, ನೀವು ನಿಮ್ಮದನ್ನು ನೋಡುತ್ತಾ ಇರಿ.

ಮುಂಭಾಗ ಹಳದಿ, ಕೆಂಪು. ನಡುವೆ ಎರಡು ಬಿಸ್ಕತ್ತು. ಒಳಗಿರುವುದಕ್ಕಿಂತ ದೊಡ್ಡದಾಗಿ, ಈಗಷ್ಟೇ ಒಲೆಯಿಂದ ತೆಗೆದ ಹಾಗೆ ಕಾಣುತ್ತವೆ. ಹಿಂದೆ ಹಾಲು ಚಿಮ್ಮುತ್ತಿದೆ. ಮುಂದೆ ಒಂದು ಹಿಡಿ ಬಾದಾಮಿ. ಹೆಸರಿನಲ್ಲೂ ಬಾದಾಮಿ.

ಈಗ ತಿರುಗಿಸುತ್ತೇನೆ. ಇಲ್ಲಿ ಅಕ್ಷರ ಎಷ್ಟು ಸಣ್ಣದು ಅಂದರೆ, ಕನ್ನಡಕ ಹಾಕಿಕೊಂಡೂ ಕಿಟಕಿ ಹತ್ತಿರ ಹೋಗಿ ಓದಬೇಕಾಯಿತು. ಪದಾರ್ಥಗಳ ಪಟ್ಟಿಗೆ ಒಂದು ನಿಯಮ ಇದೆ. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು. ನನ್ನದರಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಬಾದಾಮಿ ತುಂಬಾ ಕೆಳಗೆ ಬರುತ್ತದೆ. ಪ್ರಮಾಣ ಶೇಕಡಾ ಒಂದಕ್ಕೂ ಕಡಿಮೆ. ಅಂದರೆ ನೂರು ಗ್ರಾಂ ಪೊಟ್ಟಣದಲ್ಲಿ ಒಂದು ಇಡೀ ಬಾದಾಮಿಯ ತೂಕವೂ ಇಲ್ಲ.

ಇದರಲ್ಲಿ ಸುಳ್ಳು ಎಲ್ಲಿದೆ? ಹುಡುಕಿದರೆ ಸಿಗುವುದಿಲ್ಲ. ಬಾದಾಮಿ ಇದೆ, ಹಾಲಿನ ಪುಡಿಯೂ ಇದೆ. 'ಇದರ ತುಂಬಾ ಬಾದಾಮಿ' ಅಂತ ಯಾರೂ ಬರೆದಿಲ್ಲ. ಆ ಮಾತನ್ನು ಅಂಗಡಿಯಲ್ಲಿ ನಿಂತು ನಾವೇ ಮನಸ್ಸಿನಲ್ಲಿ ಅಂದುಕೊಂಡೆವು, ಅಲ್ವಾ?

ನಾನು ಕೆಲವು ವರ್ಷ ಜಾಹೀರಾತುಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದವಳು. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದದ್ದು ನಮ್ಮ ಮೇಜಿಗೆ ಬರುತ್ತಿತ್ತು. ಟಿವಿಯದಾದರೆ ಮಾತು ತುಟಿಗೆ ಹೊಂದಬೇಕು. ಒಂದೇ ಒಂದು ಸಾಲಿಗೆ ಇಡೀ ದಿನ ಕೂತದ್ದುಂಟು. ಆಗ ಪದಗಳ ಬಗ್ಗೆ ಒಂದು ವಿಷಯ ಕಲಿತೆ. ಮನೆಯಲ್ಲಿ ನಾವು ಚರ್ಮ ಅಂತೀವಿ. 'ಚಳಿಗೆ ಚರ್ಮ ಒಡೆದಿದೆ' ಅಂತೀವಿ. ಆದರೆ ಯಾವ ಕ್ರೀಮಿನ ಜಾಹೀರಾತೂ ಚರ್ಮ ಅನ್ನುವುದಿಲ್ಲ. ಅಲ್ಲಿ ಅದು ತ್ವಚೆ. ಚರ್ಮ ಅಂದರೆ ಚಪ್ಪಲಿ ನೆನಪಾಗುತ್ತದೆ, ಕಜ್ಜಿ ತುರಿ ನೆನಪಾಗುತ್ತದೆ. ತ್ವಚೆಗೆ ಅಂಥ ನೆನಪು ಯಾವುದೂ ಇಲ್ಲ. ಯಾರ ಮನೆಯಲ್ಲೂ ಬಳಸದ ಪದ, ಅದಕ್ಕೇ ಹೊಸ ಪಾತ್ರೆಯ ಹಾಗೆ ಹೊಳೆಯುತ್ತದೆ. ಕಾಂತಿ, ಕೋಮಲ, ಪೋಷಣೆ, ಎಲ್ಲ ಅದೇ ಸಾಲಿನವು.

ಉಪ್ಪಿನಕಾಯಿಗೆ ಬನ್ನಿ, ಭಾಷೆ ಪೂರ್ತಿ ತಿರುಗಿಬಿಡುತ್ತದೆ. ಅಲ್ಲಿ ಅಜ್ಜಿ ಬರುತ್ತಾಳೆ. ಕೈರುಚಿ, ನಾಟಿ, ಹಳ್ಳಿ, ಒರಳುಕಲ್ಲು ಬರುತ್ತವೆ. ಮುಖಕ್ಕೆ ಹಚ್ಚುವ ವಸ್ತು ಮನೆಯಿಂದ ದೂರದ್ದು ಅನ್ನಿಸಬೇಕು. ಬಾಯಿಗೆ ಹಾಕುವ ವಸ್ತು ಮನೆಯದೇ ಅನ್ನಿಸಬೇಕು. ಎರಡೂ ಬರುವುದು ಕಾರ್ಖಾನೆಯಿಂದಲೇ.

ಮನವೊಲಿಸುವುದೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಮೈಸೂರ್ ಸ್ಯಾಂಡಲ್ ಸೋಪು ನೋಡಿ. ಸುಮಾರು ನೂರು ವರ್ಷಕ್ಕೂ ಹಿಂದಿನದು. ಉಳಿದವರ ಸೋಪು ಇಟ್ಟಿಗೆಯ ಹಾಗಿದ್ದಾಗ ಇದು ಮೊಟ್ಟೆಯಾಕಾರದಲ್ಲಿ ಬಂತು. ಡಬ್ಬಿಯೋ, ಒಡವೆ ಪೆಟ್ಟಿಗೆಯ ಹಾಗೆ. ಮೇಲೆ ಸಿಂಹದ ಮೈ, ಆನೆಯ ತಲೆಯ ಶರಭ. ಆ ಡಬ್ಬಿಯೂ ನಮ್ಮನ್ನು ಕರೆಯುತ್ತದೆ. ಆದರೆ ಗಂಧದ ಆಸೆ ಹುಟ್ಟಿಸಿ, ಬಿಚ್ಚಿದಾಗ ಗಂಧವನ್ನೇ ಕೊಡುತ್ತದೆ.

ನನ್ನನ್ನು ಕಾಡುವುದು ಬೇರೆ. ನಾನು ಅಷ್ಟು ಅಕ್ಕರೆಯಿಂದ ಕೂಡಿಸಿದ ಕನ್ನಡ ಸಾಲಿನ ಕೆಳಗೆ ಷರತ್ತು ಹೇಳುವ ಇನ್ನೊಂದು ಸಾಲು ಇರುತ್ತಿತ್ತು. ನಕ್ಷತ್ರದ ಗುರುತು ಹಾಕಿ, ತುಂಬಾ ಸಣ್ಣಕ್ಷರದಲ್ಲಿ. ಟಿವಿಯಲ್ಲಿ ಪರದೆಯ ತಳದಲ್ಲಿ ಬಂದು ಓಡಿಹೋಗುವ ಆ ಸಾಲಿಗೆ ನಮ್ಮವರು 'ಸೂಪರ್' ಅಂತಿದ್ದರು. 'ಇದನ್ನೂ ಕನ್ನಡ ಮಾಡಲಾ?' ಅಂತ ಒಮ್ಮೆ ಕೇಳಿದೆ. 'ಬೇಡ, ಅದು ಹಾಗೇ ಇರಲಿ' ಅಂದರು. ನಾನೂ ಬಿಟ್ಟುಬಿಟ್ಟೆ. ಬಿಡಬಾರದಿತ್ತು ಅಂತ ಗೊತ್ತಾದದ್ದು ನನ್ನ ಮನೆಯಲ್ಲೇ.

ತಂಗಿಯ ಮಗುವಿಗೆ ಭೇದಿ ಹತ್ತಿತ್ತು. ಅಮ್ಮ ಮೆಡಿಕಲ್ ಶಾಪಿಗೆ ಹೋಗಿ ಒಂದು ಟೆಟ್ರಾ ಪ್ಯಾಕ್ ತಂದರು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಪುಡಿ, ಅದರ ಮೂರು ಅಕ್ಷರದ ಆಕಾರ ಗೊತ್ತು. ಅಂಗನವಾಡಿಯ ಗೋಡೆಯ ಮೇಲೆ ಎಷ್ಟೋ ವರ್ಷ ನೋಡಿದ್ದಾರೆ. ಅವರ ಪಾಲಿಗೆ ಅದು ಅಕ್ಷರವೇ ಅಲ್ಲ, ಚಿತ್ರ. ಪ್ಯಾಕಿನ ಮೇಲೆ ಆ ಮೂರು ಅಕ್ಷರ ದಪ್ಪಗಿದ್ದವು, ಜೊತೆಗೆ ಇನ್ನೇನೋ ಸೇರಿತ್ತು. ಪಕ್ಕದಲ್ಲಿ ಹೋಳು ಮಾಡಿದ ಕಿತ್ತಳೆ. ಮಗು ಖುಷಿಯಾಗಿ ಕುಡಿಯಿತು, ಯಾಕೆಂದರೆ ಅದು ಶರಬತ್ತಿನಷ್ಟು ಸಿಹಿ. ಸಂಜೆಗೆ ಭೇದಿ ಇನ್ನೂ ಜಾಸ್ತಿಯಾಯಿತು. ಡಾಕ್ಟರು ಪ್ಯಾಕ್ ತಿರುಗಿಸಿ ಒಂದು ಸಾಲು ತೋರಿಸಿದರು. 'ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ' ಅಂತ ಅದರಲ್ಲೇ ಬರೆದಿತ್ತು. ಇಂಗ್ಲಿಷಿನಲ್ಲಿ.

ಆ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಆ ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು ಇರುತ್ತಿತ್ತು. ಭೇದಿಯಲ್ಲಿ ಅಷ್ಟು ಸಕ್ಕರೆ ಹೊಟ್ಟೆಗೆ ಹೋದರೆ ಕರುಳು ಮೈಯೊಳಗಿನ ನೀರನ್ನೇ ಇನ್ನಷ್ಟು ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ. 'ಅಲ್ಲ' ಅಂತ ಒಂದು ಸಾಲು ಹಾಕಿದರೆ ಆ ಹೆಸರು ಬಳಸಬಹುದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ 2022ರಲ್ಲಿ ಬಿಟ್ಟಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆ ಅನುಮತಿ ರದ್ದಾಯಿತು. ಮೂರು ಅಕ್ಷರ ತೆಗೆಸುವುದಕ್ಕೆ ಇಷ್ಟು ಕಷ್ಟಪಡಬೇಕಾಯಿತು ಅಂದರೆ, ಆ ಅಕ್ಷರಗಳ ಬೆಲೆ ಎಷ್ಟಿರಬೇಕು!

'ಹೆಲ್ತ್ ಡ್ರಿಂಕ್' ಅನ್ನುವುದೂ ಇಂಥದ್ದೇ. ಹಾಲಿಗೆ ಕಲಸುವ ಪುಡಿಗಳನ್ನು ನಾವು ಹಾಗೇ ಕರೆದುಕೊಂಡು ಬಂದೆವು. ಆಹಾರ ಕಾನೂನಿನಲ್ಲಿ ಅಂಥದ್ದೊಂದು ಬಗೆಯೇ ಇಲ್ಲ ಅಂತ 2024ರಲ್ಲಿ ಕೇಂದ್ರ ಸರ್ಕಾರದವರು ಹೇಳಿ, ಆನ್‌ಲೈನ್ ಅಂಗಡಿಗಳ 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ಅವುಗಳನ್ನು ತೆಗೆಯಲು ಸೂಚಿಸಿದರು.

ನಮ್ಮ ರೇಡಿಯೋದಲ್ಲಿ ಅಕ್ಷರ ಇಲ್ಲ. ಇಲ್ಲಿ ಸಣ್ಣಕ್ಷರ ಅಂದರೆ ವೇಗ. ಮ್ಯೂಚುವಲ್ ಫಂಡ್ ಜಾಹೀರಾತು ಕೇಳಿರುತ್ತೀರಿ. ಮಗಳ ಮದುವೆ, ಸ್ವಂತ ಮನೆ, ಇವನ್ನೆಲ್ಲ ನಿಧಾನವಾಗಿ, ಹಿತವಾಗಿ ಹೇಳುತ್ತಿದ್ದರು. ಕೊನೆಗೆ ಮಾರುಕಟ್ಟೆಯ ಅಪಾಯದ ಮಾತು ಬಂದಾಗ ಬಸ್ಸು ತಪ್ಪಿಹೋಗುತ್ತಿದೆಯೇನೋ ಅನ್ನುವ ಹಾಗೆ ಓದುತ್ತಿದ್ದರು. ಅಪಾಯದ ಮಾತೇ ನಿಧಾನವಾಗಿ ಹೇಳಬೇಕಾದ ಮಾತಲ್ವಾ?

ಕಾನೂನು ಇಲ್ಲವೆಂದಲ್ಲ. ತಪ್ಪುದಾರಿಗೆಳೆಯುವ ಜಾಹೀರಾತು ತಡೆಯಲು 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು ಅಂತ ಅದರಲ್ಲಿದೆ. ಅಂದರೆ ಕನ್ನಡದಲ್ಲಿ ಕರೆದವರು ಕನ್ನಡದಲ್ಲೇ ಷರತ್ತು ಹೇಳಬೇಕು. ಹಾಗಿಲ್ಲದ್ದು ಕಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ದೂರು ಕೊಡಿ.

ಪೊಟ್ಟಣದ ಹಿಂಭಾಗದ ಕಥೆ ಬೇರೆ. ಆಹಾರದ ಲೇಬಲ್ಲು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿದ್ದರೆ ಸಾಕು ಅನ್ನುತ್ತದೆ ನಿಯಮ. ಬೇರೆ ಭಾಷೆ ಬೇಕಾದರೆ ಜೊತೆಗೆ ಸೇರಿಸಬಹುದು, ಕಡ್ಡಾಯ ಇಲ್ಲ. ಕರ್ನಾಟಕದಲ್ಲೇ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅಂತ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಮಾಡಿತು. ಒಳ್ಳೆಯದೇ. ಆದರೆ ನಮ್ಮ ಅಂಗಡಿಗೆ ಹೊರಗಿನಿಂದ ಬರುವುದೇ ಎಷ್ಟೊಂದು! ಮಗುವಿನ ಬಾಯಿಗೆ ಹೋಗುವುದರಲ್ಲಿ ಏನಿದೆ ಅಂತ ಅದರ ಅಜ್ಜಿಗೆ ಅವಳ ಭಾಷೆಯಲ್ಲಿ ಹೇಳಬೇಕು. ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ, ಮಗುವಿನ ಹೊಟ್ಟೆಯ ಮಾತು.

ಅಮ್ಮ ಈಗ ಅಂಗಡಿಯಲ್ಲಿ ಅಕ್ಷರದ ಆಕಾರ ನೋಡಿ ಸುಮ್ಮನೆ ತರುವುದಿಲ್ಲ. 'ನೀರಿಗೆ ಕಲಸೋ ಪುಡಿ ಕೊಡಿ' ಅಂತ ಕೇಳುತ್ತಾರೆ. ಬೇರೆ ಏನೇ ಕೊಂಡರೂ ತಿರುಗಿಸಿ, ಕೌಂಟರಿನ ಹುಡುಗನ ಕೈಗೆ ಕೊಟ್ಟು, 'ಹಿಂದೆ ಏನು ಬರೆದಿದೆ, ಒಂಚೂರು ಕನ್ನಡದಲ್ಲಿ ಹೇಳಪ್ಪ' ಅನ್ನುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ. ಆ ಹುಡುಗ ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಪದ ಓದಿ ಹೇಳುತ್ತಾನೆ.

ನಮಸ್ಕಾರ.